ಕೌಂಟರ್ ಮೇಷ್ಟ್ರು ಡ್ರಾಯರಿನಲ್ಲಿಟ್ಟ ಹಾಳೆ

ಮಾಹಿತಿ ವ್ಯವಸ್ಥೆಗಳ ಶಾಸ್ತ್ರವನ್ನು ಯಂತ್ರದ ಕಡೆಯಿಂದಲ್ಲದೆ, ಅದರ ಮುಂದೆ ಕುಳಿತ ಮನುಷ್ಯನ ಕಡೆಯಿಂದ ನೋಡಲು ನಮ್ಮ ವಿಭಾಗಕ್ಕೆ ಕಲಿಸಿದವರು, ಮೂವತ್ತನಾಲ್ಕು ವರ್ಷಗಳ ಸೇವೆಯ ನಂತರ ಕಳೆದ ತಿಂಗಳು ನಿವೃತ್ತರಾದ ನಮ್ಮ ಗುರುಗಳು. ವಿದ್ಯಾರ್ಥಿಗಳ ಬಾಯಲ್ಲಿ ಅವರು ‘ಕೌಂಟರ್ ಮೇಷ್ಟ್ರು’. ಸ್ನಾತಕೋತ್ತರ ಪದವಿಯೋ ಪಿಎಚ್.ಡಿ.ಯೋ ಎಂದು ಕೇಳಿಕೊಂಡು ಬಂದವರನ್ನೆಲ್ಲ ಒಂದು ವಾರ ಆಸ್ಪತ್ರೆಯ ನೋಂದಣಿ ಕೌಂಟರಿನ ಹಿಂದೆ ಕೂರಲು ಕಳಿಸುತ್ತಿದ್ದರು. ಅಲ್ಲಿ ಕಂಡ ತೊಡಕನ್ನು ಸರಿಪಡಿಸಿಕೊಂಡು ಬಂದವರಿಗೆ ಎರಡು ವರ್ಷದ ಸ್ನಾತಕೋತ್ತರ ಪದವಿ, ಆಮೇಲೆ ನೌಕರಿ. ಆ ತೊಡಕು ಹುಟ್ಟಿದ್ದಾದರೂ ಏಕೆ ಎಂದು ತಲೆ ಕೆಡಿಸಿಕೊಂಡು ಬಂದವರಿಗೆ ಪಿಎಚ್.ಡಿ. ಅದು ಅವರ ತಕ್ಕಡಿ.

ಹದಿನೆಂಟು ವರ್ಷಗಳ ಹಿಂದೆ ನಾನೂ ಹಾಗೆ ಕುಳಿತೆ. ವಿಳಾಸವನ್ನೆಲ್ಲ ತುಂಬುವ ತನಕ ಕಂಪ್ಯೂಟರು ಕಾಯಿಲೆಯ ಅಂಕಣಕ್ಕೆ ಬಿಡುತ್ತಿರಲಿಲ್ಲ. ಗುಮಾಸ್ತರು ಕೀಬೋರ್ಡಿನ ಕೆಳಗೊಂದು ನೋಟ್‌ಬುಕ್ ಇಟ್ಟುಕೊಂಡು, ರೋಗಿಯ ನೋವನ್ನು ಮೊದಲು ಅದರಲ್ಲಿ ಬರೆದುಕೊಳ್ಳುತ್ತಿದ್ದರು. ಮೂರೇ ದಿನದಲ್ಲಿ ನಾನು ಆ ಕಂಪ್ಯೂಟರ್ ಪರದೆಯನ್ನು, ಕಾಯಿಲೆಯ ಅಂಕಣ ಮೊದಲು ಬರುವಂತೆ, ಹಾಳೆಯ ಮೇಲೆ ಹೊಸದಾಗಿ ಬಿಡಿಸಿ ತಂದೆ. ಗುರುಗಳು ಬಹಳ ಹೊತ್ತು ನೋಡಿ ಅದನ್ನು ಡ್ರಾಯರಿಗೆ ಹಾಕಿದರು. “ನೇರ ಪಿಎಚ್‌ಡಿನೇ ಮಾಡಮ್ಮ, ನಿನ್ನ ಕೈಲಾಗುತ್ತೆ” ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಒಂಬತ್ತು ವರ್ಷ ಹಿಡಿಯಿತು. ಜೊತೆಯವರು ಎರಡು ವರ್ಷದಲ್ಲಿ ಓದು ಮುಗಿಸಿ ಆಸ್ಪತ್ರೆ, ಬ್ಯಾಂಕುಗಳ ಪರದೆಗಳನ್ನು ತಿದ್ದುತ್ತಿದ್ದರೆ ನಾನು ಅಡಿಟಿಪ್ಪಣಿಗಳಲ್ಲಿ ಸವೆಯುತ್ತಿದ್ದೆ. “ನಿನಗಿಂತ ಮೊದಲು ಮಗಳೇ ಓದು ಮುಗಿಸ್ತಾಳೆ ಬಿಡು” ಎಂದು ನಮ್ಮ ಮನೆಯವರು ಕಿಚಾಯಿಸುತ್ತಿದ್ದರು. ಐದನೆಯ ವರ್ಷ ನಾನು ಕೈಚೆಲ್ಲಿ ಕುಳಿತಾಗ ಗುರುಗಳು ಪ್ರತಿ ಭಾನುವಾರ ಮನೆಗೆ ಬಂದು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ನನ್ನ ಅಧ್ಯಾಯಗಳನ್ನು ಸೀಸದ ಕಡ್ಡಿಯಲ್ಲಿ ತಿದ್ದಿದರು, ಒಂದೊಂದನ್ನೂ ಏಳೇಳು ಸಲ. ಪದವಿ ಬಂದ ಮೇಲೆ ಇಲ್ಲಿಯೇ ಪಾಠಕ್ಕೆ ಸೇರಿಸಿಕೊಂಡರು. ಇಷ್ಟೊಂದು ಕರುಣೆ ಏಕೆಂದು ನಾನು ಕೇಳಲಿಲ್ಲ.

ಕಳೆದ ತಿಂಗಳು ಅವರ ಕೋಣೆ ಖಾಲಿ ಮಾಡುವಾಗ ಆ ಹಾಳೆ ನನ್ನ ಕೈಗೇ ಸಿಕ್ಕಿತು. ಗುರುಗಳು ಕುರ್ಚಿಯಲ್ಲಿ ಕುಳಿತು ಅದನ್ನು ಮೇಜಿನ ಮೇಲೆ ಬಿಡಿಸಿಟ್ಟರು.

“ಆ ವರ್ಷ ಸಂಶೋಧನೆಗೆ ಒಬ್ರೂ ಸೇರದಿದ್ರೆ ವಿಭಾಗ ಮುಚ್ತೀವಿ ಅಂತ ಯೂನಿವರ್ಸಿಟಿಯವರು ಅಂದಿದ್ರು. ನೀನು ಸರಿಪಡಿಸೋಳು ಅಂತ ಇದನ್ನ ನೋಡಿದಾಗ್ಲೇ ಗೊತ್ತಾಯ್ತಮ್ಮ. ಹೇಳಲಿಲ್ಲ. ಅಭಿನಂದನಾ ಗ್ರಂಥದಲ್ಲಿ ಹೊಗಳೋದನ್ನ ಬೇರೆಯವರು ಬರೀತಾರೆ, ನೀನು ಇದನ್ನ ಬರಿ.”

ನನಗೆ ಸಿಟ್ಟು ಬಂತು. ಈಗಲೂ ಪೂರ್ತಿ ಇಳಿದಿಲ್ಲ. ಜಗಳವಾಡುವಷ್ಟು ತ್ರಾಣ ಮಾತ್ರ ಉಳಿದಿಲ್ಲ.

ಆ ಕುರ್ಚಿ ಈಗ ನನ್ನದು. ಮೊನ್ನೆ ವಿದ್ಯಾರ್ಥಿನಿಯೊಬ್ಬಳು ಕೌಂಟರಿನಲ್ಲಿ ವಾರ ಮುಗಿಸಿ, ಪರದೆಯನ್ನು ಅಚ್ಚುಕಟ್ಟಾಗಿ ತಿದ್ದಿಕೊಂಡು ಬಂದಳು. ಈ ವರ್ಷವೂ ಸಂಶೋಧನೆಗೆ ಯಾರೂ ಸೇರಿಲ್ಲವೆಂಬ ಎಚ್ಚರಿಕೆಯ ಪತ್ರ ಮೇಜಿನ ಮೇಲೇ ಇತ್ತು. “ಯಾವುದಕ್ಕೆ ಸೇರ್ಲಿ ಮೇಡಂ?” ಎಂದಳು. ಪೆನ್ನಿನ ಮುಚ್ಚಳ ತೆಗೆಯಲು ನನಗೆ ಬಹಳ ಹೊತ್ತು ಬೇಕಾಯಿತು. ಸ್ನಾತಕೋತ್ತರ ಎಂದು ಬರೆದು ಸಹಿ ಹಾಕಿ, ಅವಳ ಹಾಳೆಯನ್ನು ಅವಳ ಕೈಗೇ ಕೊಟ್ಟೆ.

ಗುರುಗಳಿಗೆ ದೀರ್ಘ ಆಯುಸ್ಸು, ಮಂಜಾಗದ ಕಣ್ಣು, ಮೊಂಡಾಗದ ಸೀಸದ ಕಡ್ಡಿ ಇರಲಿ. ವಿಭಾಗವನ್ನು ಉಳಿಸಿಕೊಡಿ ಎಂದು ನಾನು ಬರೆದಿರುವ ಮನವಿಯನ್ನು ಅವರೇ ತಿದ್ದಬೇಕು. ಉಳಿಯದೆ ಹೋದರೆ ಆ ಸುದ್ದಿಯನ್ನು ನಾನು ಮೊದಲು ಹೇಳಬೇಕಾದವರೂ ಅವರೇ. ಭಾನುವಾರ ಮನೆಗೆ ಬರುತ್ತೇನೆಂದಿದ್ದಾರೆ.