ಮಸ್ಕತ್ತಿನಲ್ಲಿ ತುಂಬಿದ ಉಡಿ

ಭಾಲ್ಕಿಯಲ್ಲಿ ಬಟ್ಟೆ ಹೊಲಿಯುವ, ಹತ್ತಿರದ ಹಲಬರ್ಗಾ ಊರಿನ ಸುಮನ ನಾನು ಓದು ಕಲಿಸಿದ ಹುಡುಗಿ. ಅವಳ ತಮ್ಮ ಉತ್ತಮನ ಮದುವೆಗೆ ಸೋದರತ್ತೆ ಕಾಂತಾಬಾಯಿಗೆ ಮೊಣಕಾಲು ನೋವಿನಿಂದ ಬರಲಾಗಲಿಲ್ಲ. ಅವರು ಮಸ್ಕತ್ತಿನಲ್ಲಿ ಮಗಳ ಮನೆಯಲ್ಲಿದ್ದಾರೆ. ತವರಿನವರು ಮುನಿದರೇನೋ ಎಂಬ ಕೊರಗು ಅವರನ್ನು ಬಿಡಲಿಲ್ಲ. ಮನೆಯ ಹೆಣ್ಣುಮಗಳ ಸೆರಗಿಗೆ ತವರಿನವರು ಹಾಕುವ ಮದುವೆಯ ಉಡಿಯನ್ನು ಅತ್ತೆಗೆ ತುಂಬಲೆಂದು ಸುಮನ ಮೊದಲ ಬಾರಿ ವಿಮಾನ ಹತ್ತಿದಳು.

ಅಲ್ಲಿ ಹೊಸ್ತಿಲಲ್ಲೇ ನಿಂತಳು; ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ಯಾಕವ್ವಾ, ಇನ್ನೂ ಸಿಟ್ಟದ ಏನು?" ಅತ್ತೆಯ ಕಣ್ಣು ತುಂಬಿತು.

"ಸಿಟ್ಟಲ್ಲರಿ ಅತ್ತಿ, ಸೆರಗು ಒಡ್ಡ್ರಿ. ನಿಮ್ಮ ಉಡಿ ತುಂಬದ ನಾ ನೀರು ಹ್ಯಾಂಗ ಕುಡೀಲಿ?"

ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಸೆರಗಿಗೆ ಬಿದ್ದವು. ಕಾಂತಾಬಾಯಿ ಗೋಡೆ ಹಿಡಿದುಕೊಂಡೇ ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದರು.

"ನೋಡ ಬರ್ರಿ, ಹಲಬರ್ಗಾದಿಂದ ನನ್ನ ತವರುಮನಿ ವಿಮಾನದಾಗ ಬಂದದ!"