ಸುಗ್ಗಿಯ ನಡುವೆ ಬಂದ ಫೋನು

ಆಗಸ್ಟ್ ಹದಿನೈದು ಹತ್ತಿರ ಬಂತೆಂದರೆ ಶಾಲೆಯವರು ನಮ್ಮ ಮನೆಗೆ ಬರುತ್ತಾರೆ. ಮಾಜಿ ಸೈನಿಕರಿಗೆ ಶಾಲು ಹೊದಿಸುತ್ತೇವೆ, ರಜೆಯಲ್ಲಿ ಬಂದಿರುವ ಹುಡುಗರಿಗೂ ಹಾರ ಹಾಕುತ್ತೇವೆ, ಊರಿನ ಪರವಾಗಿ ನೀವು ನಾಲ್ಕು ಮಾತು ಆಡಬೇಕು ಎನ್ನುತ್ತಾರೆ. ನನಗೆ ಬಾಯಿ ಜೋರು ಅಂತ ಸುತ್ತಲ ಹತ್ತೂರಿಗೂ ಗೊತ್ತು. ಪಂಚಾಯಿತಿ ಸಭೆಯಲ್ಲಿ ಗಂಡಸರ ಬಾಯಿ ಮುಚ್ಚಿಸಿದವಳು ನಾನು. ಆದರೆ ಈ ವೇದಿಕೆ ಮಾತ್ರ ಇವತ್ತಿನವರೆಗೂ ಹತ್ತಿಲ್ಲ. ಗಂಟಲು ಕಟ್ಟಿದೆ ಎಂದು ಹೇಳಿ ಕಳಿಸಿಬಿಡುತ್ತೇನೆ. ಪ್ರತಿ ವರ್ಷ ಅದೇ ವಾರದಲ್ಲಿ ಗಂಟಲು ಕಟ್ಟಿಸಿಕೊಳ್ಳುವ ಹೆಂಗಸನ್ನು ಅವರು ಹೇಗೆ ನಂಬುತ್ತಾರೋ ಕಾಣೆ. ಯಾಕೆ ಹತ್ತುವುದಿಲ್ಲ ಅನ್ನುವುದನ್ನು ಇಲ್ಲಿ ಬರೆದುಬಿಡುತ್ತೇನೆ.

ಹೆತ್ತೂರಿನಿಂದ ಬಿಸಿಲೆ ಕಡೆಗೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗೆ ನಮ್ಮೂರು. ಆಗ ಊರಿಗೆಲ್ಲ ಇದ್ದದ್ದು ಒಂದೇ ಫೋನು. ನಮ್ಮ ಜಗಲಿಯ ಪಕ್ಕದ ಕೋಣೆಯಲ್ಲಿ ನಾನು ಎಸ್‌ಟಿಡಿ ಬೂತ್ ಇಟ್ಟಿದ್ದೆ. ಮಾವ ಊರಿನ ಗೌಡರು. ಸೊಸೆ ಬೂತಿನಲ್ಲಿ ಕೂರುವುದು ಅವರಿಗೆ ಅಷ್ಟೇನೂ ಹಿಡಿಸಿರಲಿಲ್ಲ. ಆದರೆ ಊರಿನ ಸುದ್ದಿಯೆಲ್ಲ ಮೊದಲು ತಮ್ಮ ಮನೆಗೇ ಬರುತ್ತದೆ ಎಂಬ ಹೆಮ್ಮೆಯೂ ಇತ್ತು, ಹಾಗಾಗಿ ಸುಮ್ಮನಿದ್ದರು.

ನಮ್ಮ ಕಡೆ ಸುಗ್ಗಿ ಎಂದರೆ ಕಟ್ಟುನಿಟ್ಟು. ಊರ ಗೌಡರು ಸಾರು ಹಾಕಿಸಿದರು, ಅಂದರೆ ಇಂಥ ದಿನದಿಂದ ಸುಗ್ಗಿ ಎಂದು ಕೂಗಿ ಹೇಳಿಸಿದರು ಅಂದರೆ, ಅಲ್ಲಿಂದ ಮುಗಿಯುವವರೆಗೆ ಒಗ್ಗರಣೆ ಹಾಕುವಂತಿಲ್ಲ, ಹಸಿ ಮರ ಕಡಿಯುವಂತಿಲ್ಲ, ಕುಟ್ಟುವಂತಿಲ್ಲ, ದೇವರ ಬನದ ಕಡೆ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಊರಿನವರು ಯಾರೂ ಎಲ್ಲೆ ದಾಟಿ ಹೋಗಿ ಬೇರೆ ಕಡೆ ರಾತ್ರಿ ಕಳೆಯುವಂತಿಲ್ಲ. ದಾಟಿದರೆ ದೇವರು ಮುನಿಯುತ್ತದೆ, ಆಲಿಕಲ್ಲು ಬೀಳುತ್ತದೆ, ದನಕ್ಕೆ ರೋಗ ಬರುತ್ತದೆ. ಬಂದ ಕೇಡಿಗೆಲ್ಲ ದಾಟಿದವನ ಮನೆಯವರೇ ಹೊಣೆ. ಹಿಂದೊಮ್ಮೆ ಹಾಗೆ ದಾಟಿದವನ ಹೆಂಡತಿಯನ್ನು ಊರಿನವರು ಒಂದು ಮಳೆಗಾಲವಿಡೀ ಮಾತಾಡಿಸಿರಲಿಲ್ಲ. ಅದನ್ನು ನಾನೇ ಕಣ್ಣಾರೆ ಕಂಡಿದ್ದೆ. ನಾನೂ ಮಾತಾಡಿಸಿರಲಿಲ್ಲ.

ಪಾರ್ಲಿಮೆಂಟಿನ ಮೇಲೆ ದಾಳಿಯಾದ ಮರುವರ್ಷ. ಗಡಿಯಲ್ಲಿ ಎರಡೂ ಕಡೆಯ ಸೈನ್ಯ ಎದುರುಬದುರು ನಿಂತಿತ್ತು. ಊರಿನಿಂದ ಮಿಲಿಟರಿಗೆ ಸೇರಿದ್ದ ಒಬ್ಬನೇ ಹುಡುಗ ಆಗ ರಜೆಯಲ್ಲಿ ಬಂದಿದ್ದ. ಅಪ್ಪ ಇರಲಿಲ್ಲ. ತಾಯಿ ಅರ್ಧ ಎಕರೆ ಗದ್ದೆ ಮಾಡಿಕೊಂಡು, ಉಳಿದ ದಿನ ನಮ್ಮ ತೋಟಕ್ಕೆ ಕೂಲಿಗೆ ಬರುತ್ತಿದ್ದಳು. ಎಂಟು ವರ್ಷದಲ್ಲಿ ಅವನು ಸುಗ್ಗಿಗೆ ಸಿಕ್ಕಿದ್ದು ಅದೇ ಮೊದಲು. ಆ ತಾಯಿಯ ನಡಿಗೆಯೇ ಬದಲಾಗಿತ್ತು.

ಸುಗ್ಗಿಯ ಮೂರನೆಯ ದಿನ, ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನು ಬಂತು. ಅವನ ಪಲ್ಟನಿನ ಗುಮಾಸ್ತ. ಹಿಂದಿಯಲ್ಲಿ ಎರಡೇ ಮಾತು: ಅವನ ರಜೆ ರದ್ದಾಗಿದೆ, ಸೋಮವಾರ ಬೆಳಿಗ್ಗೆ ಹಾಜರಿರಬೇಕು. ನಾನು ಹಾಸನದಲ್ಲಿ ಓದಿದವಳು, ಅಷ್ಟು ಹಿಂದಿ ಚೆನ್ನಾಗಿಯೇ ಅರ್ಥವಾಯಿತು. ಹೇಳುತ್ತೇನೆ ಎಂದೆ. ಹೇಳಲಿಲ್ಲ.

ಯಾಕೆ ಅಂದರೆ, ಹೇಳಿದರೆ ಅವನು ಆ ಕ್ಷಣವೇ ಹೊರಡುತ್ತಾನೆ, ಕಟ್ಟು ಮುರಿಯುತ್ತದೆ, ನಾಳೆ ಒಂದು ಕರು ಸತ್ತರೂ ಊರು ಆ ತಾಯಿಯ ಮೇಲೆ ಬೀಳುತ್ತದೆ. ಶನಿವಾರ ಸುಗ್ಗಿ ಮುಗಿಯುತ್ತದೆ, ಎರಡು ದಿನಕ್ಕೆ ಏನು ಮುಳುಗಿಹೋಗುತ್ತದೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಗೌಡರ ಸೊಸೆಯಲ್ಲವೇ, ಊರಿನ ತೀರ್ಮಾನಗಳೆಲ್ಲ ನನ್ನವೇ ಅನ್ನುವ ಕೊಬ್ಬು ಒಳಗೆಲ್ಲೋ ಇತ್ತು. ಕರುಣೆ ಎಷ್ಟಿತ್ತು, ಮಾವನ ಹೆದರಿಕೆ ಎಷ್ಟಿತ್ತು ಅಂತ ಇವತ್ತಿಗೂ ಬಿಡಿಸಿ ಹೇಳಲಾರೆ.

ಮಧ್ಯಾಹ್ನ ಅವನೇ ಬಂದ. ಸುಗ್ಗಿ ಕುಣಿದು ಕುಣಿದು ಬೆವರಿದ್ದ.

"ಅಕ್ಕಾ, ನಂಗೇನಾರ ಫೋನ್ ಬಂದಿತ್ತಾ?"

"ಇಲ್ಲ ಕಣಪ್ಪ."

"ರೇಡಿಯೋದಲ್ಲಿ ಏನೇನೋ ಹೇಳ್ತಾವ್ರೆ. ಬಂದ್ರೆ ಎಲ್ಲಿದ್ರೂ ಕೂಗ್ಸಿ ಅಕ್ಕಾ."

"ಕೂಗ್ಸದೆ ಇರ್ತೀನಾ, ಹೋಗು ಮಾರಾಯ, ಕುಣಿ ಹೋಗು," ಎಂದೆ. ನಗುತ್ತಲೇ ಅಂದೆ. ಆ ನಗು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಶುಕ್ರವಾರ ಬೆಳಿಗ್ಗೆ ಮತ್ತೆ ಅದೇ ಗುಮಾಸ್ತನ ಫೋನು. ಈ ಸಲ ದನಿ ಗಡುಸಾಗಿತ್ತು. "ಅವನು ಹೊರಟನೋ ಇಲ್ಲವೋ? ನಿನ್ನೆ ಫೋನ್ ತೆಗೆದುಕೊಂಡವರು ಯಾರು?" ನಾನು ಏನು ಹೇಳಿದೆನೋ ನೆನಪಿಲ್ಲ. ರಿಸೀವರ್ ಇಟ್ಟವಳೇ ಓಡಿದೆ.

ಬನದ ಮುಂದಿನ ಬಯಲಿನಲ್ಲಿ ಊರೆಲ್ಲ ಸೇರಿತ್ತು. ಡೋಲಿನ ಬಡಿತಕ್ಕೆ ಗಂಡಸರು ಸುತ್ತುಗಟ್ಟಿ ಕುಣಿಯುತ್ತಿದ್ದರು. ನಾನು ನಡುವೆ ನುಗ್ಗಿದೆ. "ಚಪ್ಲಿ! ಚಪ್ಲಿ!" ಎಂದು ಮಾವ ಕಿರುಚಿದಾಗಲೇ ಕಾಲು ನೋಡಿಕೊಂಡದ್ದು. ಡೋಲು ನಿಂತಿತು. ಎಲ್ಲರ ಕಣ್ಣೂ ನನ್ನ ಮೇಲೆ.

"ಫೋನ್ ಬಂತು ಕಣೋ. ರಜ ಕ್ಯಾನ್ಸಲ್ ಅಂತೆ. ಸೋಮವಾರ ಬೆಳಿಗ್ಗೆ ಅಲ್ಲಿರ್ಬೇಕಂತೆ," ಎಂದೆ.

"ಯಾವಾಗ ಬಂತು ಅಕ್ಕಾ?"

"ಈಗ. ಈಗ್ಲೇ."

ಅವನು ಬೆರಳು ಮಡಚಿ ಎಣಿಸಿದ. ಬೆಂಗಳೂರು, ದೆಹಲಿ, ಅಲ್ಲಿಂದ ಮುಂದೆ. ಅಲ್ಲಿಗೆ ಎಷ್ಟು ದಿನದ ದಾರಿ ಅನ್ನುವುದು ಆ ಗುಮಾಸ್ತನಿಗೂ ಗೊತ್ತು, ಇವನಿಗೂ ಗೊತ್ತು. ಶುಕ್ರವಾರ ಹೇಳಿ ಸೋಮವಾರ ಬೆಳಿಗ್ಗೆ ಬಾ ಎಂದು ಯಾರೂ ಕರೆಯುವುದಿಲ್ಲ. ತಲೆಯೆತ್ತಿ ನನ್ನನ್ನೇ ನೋಡಿದ. ಆಮೇಲೆ ಮಾವನ ಕಡೆ ತಿರುಗಿದ.

"ಗೌಡ್ರೇ, ಹತ್ತೂವರೆ ಬಸ್ಸು ಹಿಡಿದ್ರೆ ಸಂಜೆ ರೈಲು ಸಿಕ್ತದೆ."

"ನಾಳೆ ಸುಗ್ಗಿ ಮುಗೀತದೆ ಕಣೋ. ನಾಡಿದ್ದು ಹೋಗು."

"ಆಗಾಕಿಲ್ಲ ಗೌಡ್ರೇ."

"ಊರಿಗೇನಾರ ಆದ್ರೆ?"

ಒಬ್ಬರು, ಇವನೊಬ್ಬ ಹೋಗದಿದ್ದರೆ ಯುದ್ಧವೇನು ನಿಂತುಹೋಗುತ್ತದಾ ಎಂದರು. ಇನ್ನೊಬ್ಬರು, ದೇವರ ಹತ್ತಿರ ಹೂ ಕೇಳಿ ನೋಡೋಣ ಎಂದರು. ಹೂ ಕೇಳಲು ಕೂತರೆ ಬಲಕ್ಕೆ ಬೀಳುವಷ್ಟರಲ್ಲಿ ಮಧ್ಯಾಹ್ನ. ಅವನು ವಾಚು ನೋಡಿಕೊಂಡ. ಬಸ್ಸಿಗೆ ಮುಕ್ಕಾಲು ಗಂಟೆ, ರಸ್ತೆಗೆ ಎರಡು ಮೈಲಿ. ನಿನ್ನೆ ಹೇಳಿದ್ದರೂ ಇದೇ ಜಗಳ ಆಗುತ್ತಿತ್ತು ನಿಜ, ಆದರೆ ನಿನ್ನೆ ಅವನ ಕೈಯಲ್ಲಿ ಒಂದು ದಿನ ಇರುತ್ತಿತ್ತು. ಅದನ್ನು ಕಿತ್ತುಕೊಂಡವಳು ಚಪ್ಪಲಿ ಕೈಯಲ್ಲಿ ಹಿಡಿದು ಹೆಂಗಸರ ಗುಂಪಿನಲ್ಲಿ ನಿಂತಿದ್ದಳು.

ಮಾವ ಬನದ ಕಡೆಗೊಮ್ಮೆ ನೋಡಿದರು. ಕೊನೆಗೆ ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು.

"ಹೋಗು. ಇವ್ನ ಮನೆ ಮ್ಯಾಲೆ ಯಾರೂ ತಪ್ಪು ಹೊರಿಸ್ಬ್ಯಾಡ್ರಿ. ಕಳಿಸ್ದೋನು ನಾನು. ಸುಗ್ಗಿ ಮುಗಿಯೋಗಂಟ ನಾನು ಅನ್ನ ಮುಟ್ಟಾಕಿಲ್ಲ. ದ್ಯಾವ್ರು ಕೇಳೋದಿದ್ರೆ ನನ್ನ ಕೇಳ್ಲಿ."

ಊರಿನ ಗೌಡರ ಬಾಯಲ್ಲಿ ಸೈನಿಕರ ಬಗ್ಗೆ ಕೃತಜ್ಞತೆ ಅನ್ನುವ ಪದ ನಾನು ಯಾವತ್ತೂ ಕೇಳಿಲ್ಲ. ಆದರೆ ಸಕ್ಕರೆ ಕಾಯಿಲೆಯ ಆ ಮುದುಕ ಎರಡು ದಿನ ಬರೀ ನೀರು ಮಜ್ಜಿಗೆಯಲ್ಲಿ ಕೂತದ್ದನ್ನು ನೋಡಿದ್ದೇನೆ. ಹಾಗಾಗಿ ಶಾಲು ಹೊದಿಸುವ ಭಾಷಣಗಳನ್ನು ಕೇಳಿದರೆ ನನಗೆ ಆಕಳಿಕೆ ಬರುತ್ತದೆ.

ಹುಡುಗ ಮನೆಗೆ ಓಡಿ ಟ್ರಂಕು ಬಿಟ್ಟು ಬರೀ ಕೈಚೀಲ ತಂದ. ಊರೆಲ್ಲ ಅವನ ಹಿಂದೆ ಎಲ್ಲೆಕಲ್ಲಿನವರೆಗೆ ನಡೆಯಿತು. ಅಲ್ಲಿಗೆ ನಿಲ್ಲಬೇಕು. ತಾಯಿ ಅವನ ಬೆನ್ನು ಸವರಿದಳು, ಅಳಲಿಲ್ಲ. ಅವನು ಕಾಫಿ ತೋಟದ ಒಳದಾರಿ ಹಿಡಿದು ಓಡಿದ. ಎರಡು ತಿರುವಿನಾಚೆ ಕಾಣಲೇ ಇಲ್ಲ. ನಾವು ಕಲ್ಲಿನ ಈಚೆ ಕಿವಿಗೊಟ್ಟು ನಿಂತೆವು. ಬಸ್ಸು ಕೆಳಗಿನ ತಿರುವಿನಲ್ಲಿ ಹಾರನ್ ಹೊಡೆದದ್ದು ಕೇಳಿಸಿತು. ನಿಂತಿತೋ ಇಲ್ಲವೋ ತಿಳಿಯಲಿಲ್ಲ.

ಸಂಜೆ ಬೆಂಗಳೂರು ಸ್ಟೇಷನ್ನಿನಿಂದ ಫೋನು ಬಂತು. "ಅಕ್ಕಾ, ರೈಲು ಸಿಕ್ತು. ಅವ್ವಂಗೆ ಹೇಳಿ." ಆಮೇಲೆ, "ಫೋನು ಇವತ್ತೇ ಬಂದಿದ್ದು ಅಂತ್ಲೇ ಇರ್ಲಿ ಅಕ್ಕಾ. ಅಲ್ಲಿ ನಾನು ನೋಡ್ಕತೀನಿ," ಎಂದು ಇಟ್ಟುಬಿಟ್ಟ.

ಅವನು ನೋಡಿಕೊಂಡದ್ದು ಹೇಗೆ ಅನ್ನುವುದು ಆಮೇಲೆ ಅವನ ಪಲ್ಟನಿನಲ್ಲೇ ಇದ್ದ ಆಲೂರು ಕಡೆಯ ಹುಡುಗರಿಂದ ಗೊತ್ತಾಯಿತು. ಅವನು ಮುಟ್ಟಿದ್ದು ಒಂದು ದಿನ ತಡವಾಗಿ. ಸುದ್ದಿ ಸಮಯಕ್ಕೇ ಸಿಕ್ಕಿತ್ತು, ಹಬ್ಬದ ಆಸೆಗೆ ನಾನೇ ಒಂದು ದಿನ ತಡ ಮಾಡಿದೆ ಎಂದು ಸಾಹೇಬರ ಮುಂದೆ ಒಪ್ಪಿಕೊಂಡಿದ್ದ. ಶಿಕ್ಷೆಯಾಯಿತು. ಗಡಿಯಿಂದ ಸೈನ್ಯ ಹಿಂದೆ ಸರಿದ ಮೇಲೆ ಆ ಹುಡುಗರೆಲ್ಲ ಸರದಿ ಪ್ರಕಾರ ರಜೆಗೆ ಬಂದರು. ಇವನ ಸರದಿ ಕೊನೆಗೆ ಹೋಯಿತು.

ತಾಯಿ ಪ್ರತಿ ಭಾನುವಾರ ಬೂತಿಗೆ ಬರುತ್ತಿದ್ದಳು. ಮಗ ಫೋನು ಮಾಡುವ ಹೊತ್ತಿಗೆ ಅರ್ಧ ಗಂಟೆ ಮೊದಲೇ ಬಂದು ನೆಲದ ಮೇಲೆ ಕೂರುವಳು. ಬೆಂಚಿನ ಮೇಲೆ ಕೂರು ಎಂದರೆ ಕೇಳುತ್ತಿರಲಿಲ್ಲ. "ರಜ ಯಾವಾಗ್ಲಾ ಮಗಾ?" ಎಂದು ಕೇಳುವುದು, ಆ ಕಡೆಯ ಉತ್ತರಕ್ಕೆ "ಹೂಂ, ಹೂಂ" ಅನ್ನುವುದು. ಮೂರು ಅಡಿ ದೂರದಲ್ಲಿ ಕೂತ ನನಗೆ ಬೆನ್ನಿನ ಮೇಲೆ ಇರುವೆ ಹರಿದ ಹಾಗೆ ಆಗುತ್ತಿತ್ತು. ಇವತ್ತು ಹೇಳುತ್ತೇನೆ, ಮುಂದಿನ ವಾರ ಹೇಳುತ್ತೇನೆ ಅನ್ನುತ್ತಲೇ ಮಳೆಗಾಲ ಮುಗಿಯಿತು, ದೀಪಾವಳಿಯೂ ಕಳೆಯಿತು.

ಕಾಫಿ ಹಣ್ಣು ಕೊಯ್ಯುವ ಕಾಲಕ್ಕೆ ಇನ್ನು ತಡೆಯಲಾಗಲಿಲ್ಲ. ಕಣದಲ್ಲಿ ಆಕೆ ಒಬ್ಬಳೇ ಹಣ್ಣು ಹರವುತ್ತಿದ್ದಳು. ಹೋಗಿ ಎದುರು ಕುಕ್ಕರಗಾಲಲ್ಲಿ ಕೂತೆ. ಗುರುವಾರವೇ ಫೋನು ಬಂದದ್ದು, ನಾನು ಮುಚ್ಚಿಟ್ಟದ್ದು, ಅವನು ಕೇಳಿದಾಗ ಇಲ್ಲ ಎಂದದ್ದು, ಅವನು ತಪ್ಪನ್ನು ತನ್ನ ತಲೆಗೆ ಹಾಕಿಕೊಂಡದ್ದು, ಅವನ ರಜೆ ಹೋದದ್ದು ನನ್ನಿಂದ ಅನ್ನುವುದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಬೈಯಲಿ, ಒಂದು ಏಟು ಹೊಡೆಯಲಿ ಎಂದು ಕಾದೆ.

ಆಕೆ ಹಣ್ಣು ಹರವುವುದನ್ನು ನಿಲ್ಲಿಸಲಿಲ್ಲ.

"ಅವತ್ತು ನಿಮ್ಮನೆ ಹಿತ್ಲಲ್ಲಿ ಹಾಲಿಟ್ಟು ಹೋಗಕ್ಕೆ ಬಂದಿದ್ದೆ ಕಣವ್ವಾ. ನೀನು ಹಿಂದಿಲಿ ಮಾತಾಡ್ತಿದ್ದೆ. ನನ್ ಮಗನ್ ಹೆಸ್ರು ಎಲ್ಡು ಸಲ ಅಂದೆ. ನಂಗೊಂದೂ ತಿಳೀಲಿಲ್ಲ, ಆದ್ರೆ ಕರೀತಾವ್ರೆ ಅಂತ ತಿಳೀತು."

ಆಕೆ ಇನ್ನೊಂದು ಬುಟ್ಟಿ ಹಣ್ಣು ಸುರಿದಳು.

"ನೀನು ಹೇಳ್ತೀಯ ಅಂತ ಕಾದೆ. ಹೇಳ್ಲಿಲ್ಲ. ಸದ್ಯ ಅಂದ್ಕಂಡು ನಾನೂ ಸುಮ್ಕಾಗ್ಬುಟ್ಟೆ. ಅವತ್ತು ಎಲ್ಡು ಸಲ ಅನ್ನ ಬಡಿಸಿದೀನಿ ಅವ್ನಿಗೆ." ಕೈಯ ಅಂಟನ್ನು ಸೆರಗಿಗೆ ಒರೆಸಿಕೊಂಡಳು. "ಅವ್ನು ನಿನ್ನೊಬ್ಳನ್ನೇ ಉಳಿಸ್ದೆ ಅಂದ್ಕಂಡವ್ನೆ. ನನ್ ಸುದ್ದಿ ಅವ್ನಿಗೆ ಗೊತ್ತಿಲ್ಲ. ನೀನು ಹೇಳ್ಬ್ಯಾಡ."

ನಾನು ಹೇಳಿಲ್ಲ.