ನಾನು ಹಾಕದ ಸಹಿ

ಸೌದಿಯ ಮರಳುಗಾಡಿನ ಗ್ಯಾಸ್ ಸ್ಥಾವರವೊಂದರಲ್ಲಿ ಏಳು ವರ್ಷ ನಾನು ಗ್ಯಾಸ್ ಟೆಸ್ಟರ್ ಆಗಿದ್ದೆ. ನೆಲದೊಳಗಿಂದ ಬರುವ ಗ್ಯಾಸು ಅಲ್ಲಿ ಮನೆಯಷ್ಟು ದೊಡ್ಡ ಉಕ್ಕಿನ ಟ್ಯಾಂಕುಗಳಲ್ಲಿ ಹಾದು ಶುದ್ಧವಾಗುತ್ತದೆ. ಆಗಾಗ ಸ್ಥಾವರದ ಒಂದು ಭಾಗ ನಿಲ್ಲಿಸಿ, ಆ ಟ್ಯಾಂಕುಗಳೊಳಗೆ ಆಳುಗಳನ್ನು ಇಳಿಸಿ, ಕೆಸರು ಬಳಿಸಿ, ಸವೆದಲ್ಲಿ ವೆಲ್ಡಿಂಗ್ ಮಾಡಿಸಬೇಕು. ಅವರು ಇಳಿಯುವ ಮುಂಚೆ ನಾನು ಮೀಟರಿನ ನಳಿಗೆಯನ್ನು ಒಳಗೆ ಬಿಟ್ಟು, ಆ ಗಾಳಿ ಉಸಿರಾಡಲು ತಕ್ಕದ್ದೋ ಅಲ್ಲವೋ ನೋಡಿ, ಪರ್ಮಿಟ್ ಹಾಳೆಯ ಮೇಲೆ ಸಹಿ ಹಾಕಬೇಕು. ನನ್ನ ಸಹಿ ಇಲ್ಲದೆ ಯಾರೂ ಇಳಿಯುವಂತಿಲ್ಲ. ಚಿತ್ರದುರ್ಗದಲ್ಲಿ ಐ.ಟಿ.ಐ. ಓದಿದ ತುರುವನೂರಿನವನೊಬ್ಬನ ಸಹಿಗೆ ಅಷ್ಟು ಬೆಲೆ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಟ್ಯಾಂಕಿನೊಳಗೆ ಉಳಿದಿರಬಹುದಾದ ವಿಷದ ಗ್ಯಾಸಿಗೆ ಕೊಳೆತ ಮೊಟ್ಟೆಯ ವಾಸನೆ. ವಾಸನೆ ಬರುತ್ತಿದ್ದರೆ ಓಡಲು ಇನ್ನೂ ಹೊತ್ತಿದೆ ಎಂದರ್ಥ. ಹೆಚ್ಚಾದರೆ ಮೂಗೇ ಸತ್ತುಹೋಗುತ್ತದೆ. ವಾಸನೆ ಹೋಯಿತಲ್ಲ ಎಂದು ನೆಮ್ಮದಿಪಡುವಷ್ಟರಲ್ಲಿ ಕಾಲು ಕುಸಿಯುತ್ತದೆ. ಇದನ್ನು ನನಗೆ ಮೊದಲ ವಾರವೇ ಕಲಿಸಿದ್ದರು.

ನಾನು ಹೇಳಹೊರಟಿರುವುದು ಅಲ್ಲಿ ಕಳೆದ ಕೊನೆಯ ಚಳಿಗಾಲದ ಸಂಗತಿ. ಆಗ ಸ್ಥಾವರದ ಒಂದು ಭಾಗ ನಿಂತಿತ್ತು. ಕೆಲಸ ಎರಡು ದಿನ ಹಿಂದೆ ಬಿದ್ದಿತ್ತು. ಕಂಟ್ರಾಕ್ಟ್ ಕಂಪನಿಯ ಸೂಪರ್‌ವೈಸರ್ ಬೆಳಗಿನಿಂದ ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ, ಗಡಿಯಾರವನ್ನಷ್ಟೇ ನೋಡುತ್ತಿದ್ದ. ನಾವು ಕೆಲಸ ಹಿಡಿದಿದ್ದ ಟ್ಯಾಂಕಿನಲ್ಲಿ ಬೆಳಿಗ್ಗೆ ನನ್ನ ಮೀಟರು ಸೊನ್ನೆ ತೋರಿಸಿತ್ತು. ಸಹಿ ಹಾಕಿದ್ದೆ. ನಾಲ್ಕು ಜನ ಇಳಿದು, ಕೆಸರು ಬಳಿದು, ಊಟಕ್ಕೆ ಮೇಲೆ ಬಂದಿದ್ದರು. ಊಟ ಮುಗಿಸಿ ಮತ್ತೆ ಇಳಿಯುವ ಮುಂಚೆ ಇನ್ನೊಮ್ಮೆ ಗಾಳಿ ನೋಡಿ, ಇನ್ನೊಂದು ಸಹಿ ಹಾಕಬೇಕಾದದ್ದು ನಿಯಮ.

ಆ ನಾಲ್ವರಲ್ಲಿ ಮಧ್ಯಾಹ್ನ ಮೊದಲು ಇಳಿಯಬೇಕಾಗಿದ್ದವನು ಹಿರಿಯೂರು ಕಡೆಯ ವೆಲ್ಡರು. ನನಗಿಂತ ಹತ್ತು ವರ್ಷ ದೊಡ್ಡವನು. ಆ ಕ್ಯಾಂಪಿನಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವನು ಅವನೊಬ್ಬನೇ. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ, ಅವನು ನನ್ನನ್ನು ಲೇ ಎನ್ನುತ್ತಿದ್ದ. ಅವನು ಸುರಕ್ಷತೆಯ ಬೆಲ್ಟು ಬಿಗಿದುಕೊಂಡು ಟ್ಯಾಂಕಿನ ಬಾಯಿಯ ಹತ್ತಿರ ಬಂದು ನಿಂತಾಗ ನಾನು ನಳಿಗೆಯನ್ನು ತಳದವರೆಗೆ ಇಳಿಬಿಟ್ಟೆ. ಮೀಟರು ಕೂಗಿಕೊಂಡಿತು.

ಮೇಲೆತ್ತಿದೆ, ಒರೆಸಿದೆ, ಮತ್ತೆ ಇಳಿಸಿದೆ. ಮತ್ತೆ ಕೂಗಿತು. ಮೇಲ್ಭಾಗದಲ್ಲಿ ಏನೂ ಇಲ್ಲ, ತಳದಲ್ಲಿ ಮಾತ್ರ ಗ್ಯಾಸು.

"ಬೆಳಿಗ್ಗೆ ಸೊನ್ನೆ ಇತ್ತಲ್ಲ?" ಎಂದ ಸೂಪರ್‌ವೈಸರ್, ಹಿಂದಿಯಲ್ಲಿ.

"ಬೆಳಿಗ್ಗೆ ಇತ್ತು. ಈಗ ಇಲ್ಲ."

"ನಿನ್ನ ಮೀಟರು ಕೆಟ್ಟಿದೆ. ಬೆಳಗಿನ ಲೆಕ್ಕವನ್ನೇ ಬರೆದು ಸಹಿ ಹಾಕು. ಅರ್ಧ ಗಂಟೆಯ ಕೆಲಸ."

"ಕೆಟ್ಟಿದ್ದರೆ ಇನ್ನೊಂದು ತರಿಸಿ. ಅಲ್ಲಿಯವರೆಗೆ ಸಹಿ ಇಲ್ಲ."

ಹಿರಿಯೂರಿನ ಅಣ್ಣನಿಗೂ ಅವತ್ತು ಅವಸರ. ಆ ವಾರ ಊರಿಗೆ ಹೋಗುವ ರಜೆ ಅವನ ಕೈಗೆ ಬಂದಿತ್ತು. ಕೆಲಸ ಮುಗಿಯದಿದ್ದರೆ ರಜೆ ಮುಂದಕ್ಕೆ. "ಏನಲೇ, ಬೆಳಿಗ್ಗೆಯಿಂದ ಒಳಗೇ ಇದ್ದೆ ನಾನು. ಏನಾತು ನಂಗೆ? ಹಾಕ್ಬಿಡೋ ಮಾರಾಯ," ಎಂದ. ಅವನು ಹಾಗೆ ಹೇಳಿದ್ದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಯಾರ ಜೀವಕ್ಕಾಗಿ ನಾನು ಹಟ ಹಿಡಿದಿದ್ದೆನೋ ಅವನೇ ಎದುರು ನಿಂತಿದ್ದ.

ಸೂಪರ್‌ವೈಸರ್ ಪರ್ಮಿಟ್ ಹಾಳೆಯನ್ನು ಕಸಿದುಕೊಂಡ. "ನಾನೇ ಹಾಕ್ತೀನಿ," ಎಂದ. ಆಗ ನಾನು ಮಾಡಿದ್ದನ್ನು ಯೋಚಿಸಿ ಮಾಡಿದೆ ಎಂದು ಹೇಳಲಾರೆ. ಟ್ಯಾಂಕಿನ ಬಾಯಿ ಒಬ್ಬ ಮನುಷ್ಯ ತೂರುವಷ್ಟೇ ಅಗಲ. ಅದಕ್ಕೆ ಬೆನ್ನು ಕೊಟ್ಟು ಅಡ್ಡ ಕುಳಿತುಬಿಟ್ಟೆ. ನನ್ನ ಹಿಂದಿಯೆಲ್ಲ ಮರೆತುಹೋಯಿತು. ಕನ್ನಡದಲ್ಲೇ ಕೂಗಿದೆ: "ಒಳಗೆ ಗ್ಯಾಸ್ ಐತೆ! ನನ್ನ ಎತ್ತಿ ಪಕ್ಕಕ್ಕೆ ಇಟ್ಟು ಬೇಕಾದ್ರೆ ಇಳೀರಿ. ನಾನಾಗಿ ಏಳಂಗಿಲ್ಲ!"

ಅಷ್ಟು ಜನರಲ್ಲಿ ಅದು ಅರ್ಥವಾದದ್ದು ಒಬ್ಬನಿಗೇ. ಅಣ್ಣ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬೆಲ್ಟು ಬಿಚ್ಚಿ ನೆಲಕ್ಕಿಟ್ಟು ನನ್ನ ಪಕ್ಕದಲ್ಲಿ ಕುಳಿತ. ಅವನು ಕುಳಿತ ಮೇಲೆ ಉಳಿದ ಮೂವರೂ ಕುಳಿತರು.

"ನಾಳೆಯೇ ನಿನಗೆ ಎಕ್ಸಿಟ್ ಹೊಡೆಸ್ತೀನಿ," ಎಂದ ಸೂಪರ್‌ವೈಸರ್. ಎಕ್ಸಿಟ್ ಎಂದರೆ ಆ ದೇಶ ಬಿಟ್ಟು ಹೊರಡುವ ಮುದ್ರೆ. "ಹೊಡೆಸು," ಎಂದೆ.

ಗಲಾಟೆ ಕೇಳಿ ಸ್ಥಾವರದ ಸುರಕ್ಷತೆಯ ಇಂಜಿನಿಯರ್ ಬಂದಳು. ಆ ದೇಶದವಳೇ, ಹೆಲ್ಮೆಟ್ಟಿನ ಕೆಳಗೆ ತಲೆಗೆ ಕಪ್ಪು ಬಟ್ಟೆ ಬಿಗಿದಿದ್ದ ಮೂವತ್ತರೊಳಗಿನ ಹುಡುಗಿ. ಹೆಣ್ಣುಮಕ್ಕಳು ಸ್ಥಾವರದ ಒಳಗೆ ಕೆಲಸಕ್ಕೆ ಬರತೊಡಗಿದ್ದೇ ಈಚೆಗೆ. ಅವಳ ಬೆನ್ನ ಹಿಂದೆ ನಮ್ಮವರು ಏನೇನೋ ಹೇಳುತ್ತಿದ್ದರು. ಅವಳು ಯಾರನ್ನೂ ಏನೂ ಕೇಳಲಿಲ್ಲ. ತನ್ನ ಮೀಟರು ತೆಗೆದು ನನ್ನತ್ತ ನೋಡಿ ಸರಿಯಲು ಸನ್ನೆ ಮಾಡಿದಳು. ಸರಿದೆ. ಅವಳ ನಳಿಗೆ ತಳ ಮುಟ್ಟಿದ್ದೇ ತಡ, ಅದೂ ಕೂಗಿತು.

ಆಮೇಲೆ ತಿಳಿಯಿತು. ತಳದ ಕೊಳವೆಯೊಂದಕ್ಕೆ ಹಾಕಬೇಕಾಗಿದ್ದ ಉಕ್ಕಿನ ತಡೆ ಬಿಲ್ಲೆಯನ್ನು ಅವಸರದಲ್ಲಿ ಹಾಕದೆ, ಬರೀ ವಾಲ್ವು ತಿರುಗಿಸಿ ಬಿಟ್ಟಿದ್ದರು. ಆ ವಾಲ್ವು ಸೋರುತ್ತಿತ್ತು. ಊಟದ ಹೊತ್ತಿನಲ್ಲಿ ಟ್ಯಾಂಕಿನೊಳಗೆ ಗಾಳಿ ಊದುವ ಫ್ಯಾನು ನಿಲ್ಲಿಸಿದ್ದರಿಂದ ಗ್ಯಾಸು ತಳದಲ್ಲಿ ಮಡುಗಟ್ಟಿತ್ತು. ಕೆಲಸ ಮರುದಿನದವರೆಗೆ ನಿಂತಿತು.

ಅವಳು ತನ್ನ ವರದಿಯಲ್ಲಿ ನಾನು ಮಾಡಿದ್ದು ಸರಿ ಎಂದೇ ಬರೆದಳು. ಆದರೆ ನಾನು ಸ್ಥಾವರದವನಲ್ಲ, ಕಂಟ್ರಾಕ್ಟ್ ಕಂಪನಿಯವನು. ಎರಡು ವಾರದಲ್ಲಿ ನನ್ನನ್ನು ಆಫೀಸಿಗೆ ಕರೆದರು. ಮೇಜಿನ ಮೇಲೆ ಒಂದು ಕಾಗದ ಇತ್ತು. ಮೇಲಿನವರ ಮಾತು ಮೀರಿ ಕೆಲಸ ನಿಲ್ಲಿಸಿದ್ದಕ್ಕಾಗಿ ಬಿಡುಗಡೆ ಮಾಡಲಾಗಿದೆ, ಇದನ್ನು ನಾನು ಒಪ್ಪಿದ್ದೇನೆ ಎಂದು ಅದರಲ್ಲಿತ್ತು, ಕೆಳಗೆ ನನ್ನ ಸಹಿಗೆ ಜಾಗ.

ಅಂದು ಮನೆಗೆ ಫೋನ್ ಮಾಡಿದೆ. ಹೆಂಡತಿ ಎಲ್ಲ ಕೇಳಿಸಿಕೊಂಡಳು. ಅಳಲಿಲ್ಲ, ಬಯ್ಯಲೂ ಇಲ್ಲ.

"ಅವತ್ತು ಹಾಕ್ಲಿಲ್ಲ ತಾನೆ ಸಹಿ?"

"ಇಲ್ಲ."

"ಹಂಗಾದ್ರೆ ಇವತ್ತೂ ಹಾಕ್ಬ್ಯಾಡ್ರಿ. ಬರ್ರಿ ಮನೆಗೆ."

ಮರುದಿನ ಆ ಕಾಗದದ ಮೇಲೆ ಸಹಿಯ ಜಾಗದಲ್ಲಿ ಕನ್ನಡದಲ್ಲಿ ಬರೆದೆ: "ಒಳಗೆ ಗ್ಯಾಸ್ ಇತ್ತು. ನಾಲ್ಕು ಜನ ಬದುಕಿದ್ದಾರೆ." ಗುಮಾಸ್ತ ಅದನ್ನು ತಿರುವಿ ಮುರುವಿ ನೋಡಿ, ಉದ್ದನೆಯ ಸಹಿ ಎಂದುಕೊಂಡು ಫೈಲಿಗೆ ಸೇರಿಸಿದ. ಈಗಲೂ ಅಲ್ಲಿ ಎಲ್ಲೋ ಇರಬೇಕು. ಇರಲಿ.

ಊರಿಗೆ ಬಂದ ಕೆಲವು ತಿಂಗಳಿಗೆ ಗಲ್ಫಿಗೆ ಆಳು ಕಳಿಸುವ ದುರ್ಗದ ಏಜೆಂಟನ ಬಳಿ ಹೋದೆ. ಹಳೆಯ ಕೆಲಸ ಬಿಟ್ಟದ್ದೇಕೆ ಎಂಬ ಪ್ರಶ್ನೆ ಅರ್ಜಿಯಲ್ಲಿತ್ತು. "ಮನೆ ತಾಪತ್ರಯ ಅಂತ ಬರೀರಿ ಸಾರ್, ಎಲ್ರೂ ಹಂಗೇ ಬರೀತಾರೆ," ಎಂದ. ನಾನು ನಡೆದದ್ದನ್ನು ಬರೆದೆ. ಓದಿ ತಲೆ ಚಚ್ಚಿಕೊಂಡ. "ಇದ್ನ ಕಳಿಸಿದ್ರೆ ಯಾರ್ ತಗಂತಾರೆ ನಿಮ್ಮನ್ನ?"

"ತಗಳ್ದಿದ್ರೆ ಬಿಡ್ಲಿ. ನಮ್ಮೂರಾಗೆ ಸ್ವಾತಂತ್ರ್ಯ ಚಳವಳಿಗೆ ಅಂತ ಈಚಲು ಮರ ಕಡಿದು ಜೈಲಿಗೆ ಹೋದೋರು ಇದ್ರು. ಒಬ್ರೂ ಮನೆ ತಾಪತ್ರಯ ಅಂತ ಬರೀಲಿಲ್ಲ," ಎಂದೆ.

ಯಾರೂ ತೆಗೆದುಕೊಳ್ಳಲಿಲ್ಲ. ಒಂದು ವರ್ಷ ಬಿಗಿಯಾಗಿಯೇ ಹೋಯಿತು. ನಾನು ಕೆಟ್ಟೆನೆಂದು ಮರುಗಿದ ನೆಂಟರ ಎದುರಿಗೆ ಬೇಕೆಂದೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಿರುಗಿದೆ.

ಆ ವರ್ಷದ ಬೇಸಗೆಯಲ್ಲಿ ಹಿರಿಯೂರಿನ ಅಣ್ಣ ರಜೆಗೆ ಬಂದವನು ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. "ಕುಂತ್ಕಳ್ರಿ," ಎಂದರೂ ಆಕೆ ಕೂರಲಿಲ್ಲ. ಮಾರಿಕಣಿವೆ ಡ್ಯಾಮಿನ ಮೀನು ತಂದಿದ್ದರು. ನಾವು ಶರಣರ ಮನೆಯವರು, ಮೀನು ತಿನ್ನುವುದಿಲ್ಲ ಎಂಬುದು ಅವರಿಗೆ ಹೊಳೆದಿರಲಿಲ್ಲ. ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ಅಣ್ಣ, "ಅವತ್ತು ನಾನೂ ಹಾಕು ಅಂದಿದ್ದೆ ಕಣಲೇ," ಎಂದ. ಹೋಗುವಾಗ ಆಕೆ ನನ್ನ ಹೆಂಡತಿಯ ಕೈ ಹಿಡಿದುಕೊಂಡು ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದಳು.

ಈಗ ದುರ್ಗದ ಗುಡ್ಡದ ಮೇಲಿನ ಕರೆಂಟು ತೆಗೆಯುವ ಗಾಳಿಯಂತ್ರಗಳಲ್ಲಿ ನಾನು ಸುರಕ್ಷತೆ ನೋಡಿಕೊಳ್ಳುತ್ತೇನೆ. ಸಂಬಳ ಅಲ್ಲಿಯದರ ಕಾಲುಭಾಗ. ಹೋದ ತಿಂಗಳು ಗಾಳಿ ಜೋರಾಗಿದ್ದ ಒಂದು ಬೆಳಿಗ್ಗೆ ಕಂಬ ಹತ್ತಲು ಬಂದ ಇಬ್ಬರನ್ನು ಕೆಳಗೇ ನಿಲ್ಲಿಸಿದೆ. ಕಂಟ್ರಾಕ್ಟರು ಫೋನಿನಲ್ಲಿ ಕೂಗಾಡಿದ, ಇನ್ನೊಬ್ಬನನ್ನು ಇಡುತ್ತೇನೆ ಎಂದ.

"ಇಟ್ಕಳ್ರಿ. ಅವ್ನು ಬರಗಂಟ ಯಾರೂ ಹತ್ತಂಗಿಲ್ಲ," ಎಂದು ಫೋನ್ ಇಟ್ಟೆ.

ಮೂರು ಗಂಟೆಗೆ ಗಾಳಿ ತಗ್ಗಿತು. ಆಗ ಹತ್ತಿಸಿದೆ.